ಕಾದ ಕಲ್ಲು, ತಣ್ಣೀರು ಮತ್ತು ಬೊರಿವಲಿಯ ಒಂದು ಕಂಬ

ಈ ಸಲ ವಿಡಿಯೊ ಶುರುವಾದಾಗ ನನ್ನ ಕೈಯಲ್ಲಿ ಒಂದು ಕಾಂಕ್ರೀಟ್ ಚೂರು ಇತ್ತು, ನೋಡಿದ್ರಲ್ಲ. ಅಂಗೈ ಅಗಲದ್ದು. ಒಂದು ಕಡೆ ಮಸಿ, ಅದರ ಒಳಗೆ ಬೆರಳಗಲ ತೆಳು ಗುಲಾಬಿ ಬಣ್ಣ, ಆಮೇಲೆ ಮಾಮೂಲಿ ಬೂದು. ಕ್ಯಾಮೆರಾದಲ್ಲಿ ಆ ಗುಲಾಬಿ ಸರಿಯಾಗಿ ಬರಲಿಲ್ಲ ಅಂತ ಎಡಿಟ್ ಮಾಡೋವಾಗ ಗೊತ್ತಾಯ್ತು. ಇಡೀ ಮಾತು ನಿಂತಿರೋದೇ ಆ ಬಣ್ಣದ ಮೇಲೆ, ಆದ್ದರಿಂದ ಬರಹದಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ ಚೂರು ಬೊರಿವಲಿಯ ನಮ್ಮ ಸೊಸೈಟಿಯ ಮೀಟರ್ ರೂಮಿನದು. ಹೋದ ವರ್ಷ ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಹತ್ತಿಕೊಂಡಿತು. ಮುಕ್ಕಾಲು ಗಂಟೆ ಉರಿಯಿತು. ಅಗ್ನಿಶಾಮಕ ದಳದವರು ಬಂದು ಆರಿಸಿದರು, ಯಾರಿಗೂ ಏನೂ ಆಗಲಿಲ್ಲ. ಮೀಟರ್ ಬೋರ್ಡಿನ ಪಕ್ಕದಲ್ಲೇ ಒಂದು ಕಂಬ ಇದೆ, ನಾಲ್ಕು ಮಹಡಿಯ ಭಾರ ಹೊತ್ತಿರೋದು. ಮಾರನೇ ವಾರ ಬಂದ ಗುತ್ತಿಗೆದಾರ ಅದನ್ನ ನೋಡಿ, "ಬರೀ ಮಸಿ ಸಾರ್, ತೊಳೆದು ಪ್ಲಾಸ್ಟರ್ ಹೊಡೆದ್ರೆ ಹೊಸದಾಗುತ್ತೆ" ಅಂದ. ಕಮಿಟಿಯೂ ಒಪ್ಪಿತು. ನಾನು ಸಿವಿಲ್ ಡಿಗ್ರಿ ಇಟ್ಕೊಂಡು ಹದಿನೈದು ವರ್ಷದಿಂದ ಕೋಡ್ ಬರೀತಿರೋ ಮನುಷ್ಯ. ನಮ್ಮಂಥವರು ನಿಮ್ಮಲ್ಲೂ ತುಂಬಾ ಜನ ಇದ್ದೀರಿ ಅಂತ ಗೊತ್ತು. ಓದಿದ್ದು ಅರ್ಧ ಮರೆತಿತ್ತು. ಆದ್ರೆ ಆ ಗುಲಾಬಿ ಬಣ್ಣ ನೋಡಿದಾಗ ಯಾವುದೋ ಹಳೇ ಪಾಠ ಎದ್ದು ಬಂತು. ಪ್ಲಾಸ್ಟರ್ ಬೇಡ, ಮೊದಲು ಪರೀಕ್ಷೆ ಮಾಡಿಸೋಣ ಅಂತ ಜಗಳ ತೆಗೆದೆ.

ಕಾದ ಕಾಂಕ್ರೀಟಿಗೆ ತಣ್ಣೀರು ಬಿದ್ರೆ ಏನಾಗುತ್ತೆ? ಇದಕ್ಕೆ ಉತ್ತರ ಹುಡುಕ್ತಾ ನಾನು ಹೋಗಿ ನಿಂತದ್ದು ಮುಂಬೈಯಲ್ಲಲ್ಲ, ಬೆಂಗಳೂರಿನ ಕಲ್ಲುಬಂಡೆ ಮೇಲೆ.

1895ರಲ್ಲಿ ಎಚ್. ವಾರ್ತ್ ಅನ್ನೋ ಭೂವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬರೆದ. ಭಾರತದಲ್ಲಿ ಗ್ರಾನೈಟನ್ನು ಹೇಗೆ ಬಂಡೆಯಿಂದ ಎಬ್ಬಿಸ್ತಾರೆ ಅನ್ನೋದು ವಿಷಯ. ಅವನು ನೋಡಿದ್ದು ಬೆಂಗಳೂರಿನಲ್ಲಿ. ಸಿಡಿಮದ್ದಿಲ್ಲ, ಯಂತ್ರ ಇಲ್ಲ. ಚಪ್ಪಟೆ ಬಂಡೆಯ ಮೇಲೆ ಏಳಡಿ ಉದ್ದಕ್ಕೆ ಸೌದೆಯ ಒಂದು ಸಾಲು ಹಾಕಿ ಬೆಂಕಿ ಹಚ್ಚುತ್ತಾರೆ. ಕಲ್ಲುಕುಟಿಗ ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟುತ್ತಾ ಇರ್ತಾನೆ. ಗಟ್ಟಿ ಬಂಡೆ ಟಣ್ ಅನ್ನುತ್ತೆ. ಮೇಲಿನ ಪದರ ಬಿಟ್ಟುಕೊಂಡ ಕೂಡಲೇ ಸದ್ದು ಬದಲಾಗುತ್ತೆ, ಟೊಳ್ಳಾಗುತ್ತೆ. ಆಗ ಉರಿಯೋ ಸೌದೆಯನ್ನು ನಾಲ್ಕಾರು ಇಂಚು ಮುಂದೆ ತಳ್ಳುತ್ತಾನೆ. ಮತ್ತೆ ತಟ್ಟುತ್ತಾನೆ. ಹೀಗೆ ಬೆಂಕಿಯ ಸಾಲು ಬಿಲ್ಲಿನ ಹಾಗೆ ಬಾಗಿ, ಉದ್ದವಾಗುತ್ತಾ, ಬಂಡೆಯ ಮೇಲೆ ನಿಧಾನವಾಗಿ ನಡೆದುಕೊಂಡು ಹೋಗುತ್ತೆ. ವಾರ್ತ್ ಲೆಕ್ಕ ಕೊಟ್ಟಿದ್ದಾನೆ: ಒಂದೇ ಬೆಂಕಿಯಲ್ಲಿ 740 ಚದರಡಿಯ, ಸುಮಾರು ಐದು ಇಂಚು ದಪ್ಪದ ಚಪ್ಪಡಿ ಎದ್ದು ಬಂತು. ಖರ್ಚಾದ ಸೌದೆ ಮುಕ್ಕಾಲು ಟನ್ನಿನಷ್ಟು. 740 ಚದರಡಿ ಅಂದ್ರೆ ಬೊರಿವಲಿಯಲ್ಲಿ ಒಂದು ಒಳ್ಳೇ ಟೂ ಬಿಎಚ್‌ಕೆ ಕಣ್ರೀ. ಅಷ್ಟನ್ನು ಸುತ್ತಿಗೆ ಸದ್ದು ಕೇಳಿಕೊಂಡು ಎಬ್ಬಿಸಿದರು.

ನಮ್ಮ ಊರುಗಳ ಕಲ್ಲು ಕಂಬ, ಕಲ್ಲು ಬೇಲಿ, ಹಳೇ ಮನೆಯ ಚಪ್ಪಡಿ ಛಾವಣಿಗಳ ಹಿಂದೆ ಇಂಥ ಕೈಕಸುಬು ಇದೆ. ಇನ್ನೂ ಹಿಂದೆ ಹೋದ್ರೆ ರಾಯಚೂರು ಜಿಲ್ಲೆಯ ಹಟ್ಟಿ. ಅಲ್ಲಿನ ಪ್ರಾಚೀನ ಚಿನ್ನದ ಗಣಿಗಳು ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಹೋಗಿದ್ದವು. ಸಿಡಿಮದ್ದು ಇಲ್ಲದ ಕಾಲದಲ್ಲಿ ಆ ಆಳಕ್ಕೆ ಇಳಿದದ್ದು ಬೆಂಕಿಯ ಸಹಾಯದಿಂದ ಅನ್ನೋದಕ್ಕೆ ಹಳೇ ಗಣಿಯ ಇದ್ದಿಲು, ಮಸಿಯೇ ಸಾಕ್ಷಿ. ಕಲ್ಲಿನ ಮುಖಕ್ಕೆ ಬೆಂಕಿ ಇಡೋದು, ಕಾದ ಮೇಲೆ ನೀರು ಎರಚೋದು, ಬಿರುಕು ಬಿಟ್ಟ ಕಲ್ಲನ್ನು ಕಿತ್ತು ತೆಗೆಯೋದು. ಲೋಕದ ಹಲವು ಕಡೆ ಹಳೇ ಗಣಿಗಾರರ ದಾರಿ ಇದೇ.

ಎರಡು ಪದ್ಧತಿಯ ನಡುವಿನ ವ್ಯತ್ಯಾಸ ಗಮನಿಸಿ. ಬೆಂಗಳೂರಿನವನಿಗೆ ಇಡೀ ಚಪ್ಪಡಿ ಬೇಕು, ಅದಕ್ಕೇ ನೀರು ಹಾಕಲ್ಲ, ತನ್ನಷ್ಟಕ್ಕೆ ಆರೋಕೆ ಬಿಡ್ತಾನೆ. ಗಣಿಯವನಿಗೆ ಕಲ್ಲು ಪುಡಿಯಾಗಬೇಕು, ಅದಕ್ಕೇ ನೀರು ಹಾಕ್ತಾನೆ. ಕಾಂಕ್ರೀಟ್ ತಣಿಯೋ ಬಗೆಯ ಮೇಲೆ ಇವತ್ತು ಪ್ರಯೋಗಾಲಯದಲ್ಲಿ ನಡೆಯೋ ಪರೀಕ್ಷೆಗಳೂ ಇದೇ ಎರಡು ದಾರಿಯನ್ನ ಹೋಲಿಸ್ತವೆ.

ಗ್ರಾನೈಟ್ ಯಾಕೆ ಹಾಗೆ ಬಿಡುತ್ತೆ? ಕಲ್ಲು ಶಾಖವನ್ನು ಬೇಗ ಒಳಕ್ಕೆ ಬಿಡೋದಿಲ್ಲ. ಮೇಲಿನ ಪದರ ಕಾದು ಹಿಗ್ಗುತ್ತೆ, ಕೆಳಗಿನದು ತಣ್ಣಗೆ ಕೂತಿರುತ್ತೆ, ಎರಡರ ನಡುವೆ ಎಳೆದಾಟ. ಅದರ ಮೇಲೆ, ಗ್ರಾನೈಟಿನಲ್ಲಿರೋ ಸ್ಫಟಿಕ ಶಿಲೆ, ಅಂದ್ರೆ ಕ್ವಾರ್ಟ್ಜ್, 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಒಳರಚನೆಯನ್ನೇ ಬದಲಿಸಿ ಥಟ್ಟನೆ ಉಬ್ಬುತ್ತೆ. ಬೆಂಗಳೂರಿನ ಕಾಂಕ್ರೀಟಿನ ಜಲ್ಲಿ ಬಹುಪಾಲು ಇದೇ ಜಾತಿಯ ಕಲ್ಲು. ಮುಂಬೈಯದು ಬೇರೆ. ಇಲ್ಲಿನ ಜಲ್ಲಿ ಕರೀ ಕಲ್ಲು, ಬಸಾಲ್ಟ್, ದಖನಿನ ಲಾವಾ. ಬೊರಿವಲಿಯ ಕಾಡಿನೊಳಗಿನ ಕನ್ಹೇರಿ ಗುಹೆಗಳು ಕೊರೆದಿರೋದೂ ಆ ಜ್ವಾಲಾಮುಖಿ ಶಿಲೆಯಲ್ಲೇ. ಒಂದು ಸಲ ಬೆಂಕಿಯಿಂದಲೇ ಹುಟ್ಟಿ ಬಂದ ಕಲ್ಲು. ಕ್ವಾರ್ಟ್ಜ್ ಕಮ್ಮಿ, ಹಿಗ್ಗೋದೂ ಕಮ್ಮಿ. ಹಾಗಾಗಿ ಬೆಂಕಿಯಲ್ಲಿ ಮುಂಬೈ ಜಲ್ಲಿ ನಮ್ಮ ಬೆಂಗಳೂರು ಜಲ್ಲಿಗಿಂತ ಚೆನ್ನಾಗಿ ನಡ್ಕೊಳುತ್ತೆ. ತಣಿಯೋವಾಗ ಕಲ್ಲು ಹೇಗೆ ಬಿರಿಯುತ್ತೆ ಅಂತ ನೋಡೋಕೆ ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಹೋಗಿ. ಇನ್ನೂರು ಅಡಿ ಎತ್ತರದ ಕಲ್ಲಿನ ಕಂಬಗಳು ಜೋಡಿಸಿಟ್ಟ ಹಾಗೆ ನಿಂತಿವೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಆರುತ್ತಾ ಕುಗ್ಗಿ ಬಿದ್ದ ಬಿರುಕುಗಳೇ ಆ ಕಂಬಗಳ ಗಡಿ. ಕರಾವಳಿಯವರಿಗೆ ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪ ನೆನಪಾಗಿರಬೇಕು. ಅಲ್ಲಿನ ಶಿಲೆ ಬೇರೆ, ಕಥೆ ಇದೇ.

ಆದ್ರೆ ಕಾಂಕ್ರೀಟ್ ಬರೀ ಜಲ್ಲಿ ಅಲ್ಲ. ಜಲ್ಲಿಯನ್ನು ಹಿಡಿದಿಟ್ಟಿರೋದು ಸಿಮೆಂಟಿನ ಅಂಟು. ಆ ಅಂಟಿನ ಪ್ರಾಣ ನೀರು. ಸಿಮೆಂಟು "ಒಣಗಿ" ಗಟ್ಟಿಯಾಗುತ್ತೆ ಅಂತ ಜನ ಅಂದ್ಕೊಂಡಿದ್ದಾರೆ, ತಪ್ಪು. ನೀರನ್ನು ಒಳಗೆ ಸೇರಿಸಿಕೊಂಡು, ಅದನ್ನು ತನ್ನ ಮೈಯ ಭಾಗ ಮಾಡಿಕೊಂಡು ಗಟ್ಟಿಯಾಗುತ್ತೆ. ಬೆಂಕಿ ಮಾಡೋ ಕೆಲಸ ಅಂದ್ರೆ ಆ ನೀರನ್ನು ವಾಪಸ್ ಕಿತ್ತುಕೊಳ್ಳೋದು. ನೂರು ಡಿಗ್ರಿಯ ಆಚೀಚೆ ರಂಧ್ರಗಳಲ್ಲಿ ಸುಮ್ಮನೆ ಕೂತ ನೀರು ಆವಿಯಾಗುತ್ತೆ. ಆವಿಗೆ ಹೊರಗೆ ಹೋಗೋಕೆ ದಾರಿ ಸಿಗದಿದ್ರೆ ಪಟ್ ಪಟ್ ಅಂತ ಸಿಡಿದು ಮೇಲ್ಪದರ ಹಾರುತ್ತೆ. ತಮಾಷೆ ಅಂದ್ರೆ ಕಾಂಕ್ರೀಟ್ ಎಷ್ಟು ದಟ್ಟವೋ, ಎಷ್ಟು ಬಲಶಾಲಿಯೋ, ಈ ಸಿಡಿತ ಅಷ್ಟು ಜಾಸ್ತಿ. 1996ರ ನವೆಂಬರಿನಲ್ಲಿ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಚಾನೆಲ್ ಸುರಂಗದಲ್ಲಿ ಬೆಂಕಿ ಬಿದ್ದಾಗ ಅಲ್ಲಿನ ಉತ್ತಮ ದರ್ಜೆಯ ಕಾಂಕ್ರೀಟ್ ಹೀಗೇ ಪದರ ಪದರವಾಗಿ ಉದುರಿತು. ಈಗ ಸುರಂಗದ ಕಾಂಕ್ರೀಟಿಗೆ ಪಾಲಿಪ್ರೊಪಿಲೀನ್ ಎಳೆ ಬೆರೆಸೋದು ಅದಕ್ಕೇ. ಬೆಂಕಿಗೆ ಆ ಎಳೆಗಳು ಕರಗಿ ಆವಿಗೆ ದಾರಿ ಬಿಡ್ತವೆ.

300 ಡಿಗ್ರಿವರೆಗೆ ನಷ್ಟ ಇದ್ರೂ ಸಹಿಸಬಹುದಾದಷ್ಟು. ಅಲ್ಲಿಂದ ಮುಂದೆ ಇಳಿಜಾರು. ಮರಳು-ಜಲ್ಲಿಯಲ್ಲಿರೋ ಕಬ್ಬಿಣದ ಅಂಶ ಬಣ್ಣ ಬದಲಿಸಿ ಗುಲಾಬಿಗೆ ತಿರುಗೋದೂ ಇದೇ ಹೊತ್ತಿಗೆ, ಸುಮಾರು 300ರಿಂದ 600ರ ನಡುವೆ. ಅಂದ್ರೆ ಗುಲಾಬಿ ಪಟ್ಟಿ ಅನ್ನೋದು ಬೆಂಕಿ ತನ್ನ ಉಷ್ಣತೆಯನ್ನು ಕಾಂಕ್ರೀಟಿನೊಳಗೆ ತಾನೇ ಬರೆದಿಟ್ಟು ಹೋದ ಲಾಗ್ ಫೈಲ್. ಕರೀ ಕಲ್ಲಿನ ಕಾಂಕ್ರೀಟಿನಲ್ಲಿ ಅದು ಅಷ್ಟು ಢಾಳಾಗಿ ಕಾಣಲ್ಲ, ಹುಡುಕಬೇಕು. ನಮ್ಮ ಗುತ್ತಿಗೆದಾರನಿಗೆ ಕಾಣದೇ ಹೋದದ್ದು ಪೂರ್ತಿ ಅವನ ತಪ್ಪು ಅಂತ ಹೇಳಲ್ಲ. 400–500ರಲ್ಲಿ ಅಂಟಿನೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರು ಕಳ್ಕೊಂಡು ಸುಟ್ಟ ಸುಣ್ಣವಾಗುತ್ತೆ. 600 ದಾಟಿದ್ರೆ ಬಲ ಅರ್ಧವೋ ಅದಕ್ಕೂ ಕಮ್ಮಿಯೋ.

ಸುಟ್ಟ ಸುಣ್ಣ ಅಂದ್ರೆ ನಿಮ್ಮಲ್ಲಿ ಕೆಲವರಿಗಾದ್ರೂ ಅಜ್ಜಿ ಮನೆ ನೆನಪಾಗಬೇಕು. ಗೂಡಿನಲ್ಲಿ ಸುಟ್ಟು ತಂದ ಸುಣ್ಣದ ಕಲ್ಲೋ ಚಿಪ್ಪೋ, ಅದಕ್ಕೆ ನೀರು ಹಾಕಿದ್ರೆ ಕೊತಕೊತ ಕುದ್ದು, ಉಬ್ಬಿ, ಪುಡಿಯಾಗಿ ಅರಳುತ್ತೆ. ಸುಣ್ಣ ಅರಳೋದು ಅಂತಲೇ ಹೇಳ್ತೀವಿ. ಬೆಂಕಿ ಬಿದ್ದ ಕಂಬದೊಳಗೂ ಆಗೋದು ಅದೇ! ಕಾಂಕ್ರೀಟಿನೊಳಗೆ ಹೊಸದಾಗಿ ಹುಟ್ಟಿದ ಸುಟ್ಟ ಸುಣ್ಣಕ್ಕೆ ಪೈಪಿನ ನೀರು ತಾಗುತ್ತೆ. ಅರಳುತ್ತೆ. ಅರಳೋಕೆ ಜಾಗ ಎಲ್ಲಿದೆ? ಸುತ್ತಲಿನದನ್ನ ಬಿರಿಸಿಕೊಂಡೇ ಅರಳಬೇಕು. ನೀರು ಹಾಕದಿದ್ರೂ ಗಾಳಿಯ ತೇವ ಸಾಕು, ಬೊರಿವಲಿಯ ಜುಲೈ ತಿಂಗಳಲ್ಲಂತೂ ಕೇಳೋದೇ ಬೇಡ. ಅದಕ್ಕೇ ಸುಟ್ಟ ಕಾಂಕ್ರೀಟಿನ ಬಲ ಬೆಂಕಿ ಆರಿದ ದಿನ ಎಷ್ಟಿರುತ್ತೋ ಅದಕ್ಕಿಂತ ಕೆಲವು ದಿನ, ಕೆಲವು ವಾರ ಕಳೆದ ಮೇಲೆ ಇನ್ನೂ ಕಮ್ಮಿ ಇರಬಹುದು. ಬೆಂಕಿಯಲ್ಲಿ ನಿಂತ ಕಟ್ಟಡ ತಣ್ಣಗಾದ ಮೇಲೆ ಹೆಚ್ಚು ದುರ್ಬಲ. ಕೇಳೋಕೆ ವಿಚಿತ್ರ ಅನ್ಸುತ್ತೆ, ನಿಜ. ಹಾಗಂತ ಅದು ಪೂರ್ತಿ ಸತ್ತು ಹೋಯ್ತು ಅಂತಲೂ ಅಲ್ಲ. ತೀರಾ ಕಾಯದ ಕಾಂಕ್ರೀಟನ್ನು ಆಮೇಲೆ ಬಹಳ ದಿನ ತೇವವಾಗಿಟ್ಟರೆ ಅಂಟು ಮತ್ತೆ ನೀರು ಸೇರಿಸಿಕೊಂಡು ಸ್ವಲ್ಪ ಬಲ ವಾಪಸ್ ಪಡೆಯುತ್ತೆ. ಅದೇ ನೀರು, ಕೊಟ್ಟ ವೇಗ ಬೇರೆ.

ಇದಲ್ಲದೆ ತಣಿಸೋ ಹೊಡೆತ ಬೇರೆ ಇದೆ. ಒಂದೇ ರೀತಿಯ ಕಾಂಕ್ರೀಟ್ ಗಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ, ಅರ್ಧವನ್ನು ಅಲ್ಲೇ ನಿಧಾನವಾಗಿ ಆರಲು ಬಿಟ್ಟು, ಉಳಿದರ್ಧವನ್ನು ನೀರಿಗೆ ಹಾಕಿ, ಆಮೇಲೆ ಎರಡನ್ನೂ ಒತ್ತಿ ಮುರಿದು ನೋಡ್ತಾರೆ. ನೀರಿಗೆ ಬಿದ್ದವು ಸಾಮಾನ್ಯವಾಗಿ ಬೇಗ ಮುರೀತವೆ. 800 ಡಿಗ್ರಿಯಷ್ಟು ಕಾಯಿಸಿದ್ರೆ ಎರಡಕ್ಕೂ ಅಂತರ ಕಮ್ಮಿಯಾಗುತ್ತೆ, ಯಾಕಂದ್ರೆ ಆಗ ಕೆಡಿಸೋಕೆ ಹೆಚ್ಚೇನೂ ಉಳಿದಿರಲ್ಲ. ಹಾಗಾದ್ರೆ ಬೆಂಕಿಗೆ ನೀರು ಹಾಕಬಾರದಾ? ಹಾಗಲ್ಲಪ್ಪಾ. ಜನ ಮೊದಲು, ಕಂಬ ಆಮೇಲೆ. ನೀರು ಹಾಕದೆ ಬೆಂಕಿ ಇನ್ನೊಂದು ಗಂಟೆ ಉರಿದ್ರೆ ಶಾಖ ಇನ್ನೂ ಒಳಕ್ಕೆ ಹೋಗುತ್ತೆ, ನಷ್ಟ ದೊಡ್ಡದು. ಆರಿಸಿದ ಮೇಲೆ, ಮೇಲೆ ಮೇಲೆ ನೋಡಿ ತೀರ್ಮಾನಿಸಬೇಡಿ ಅನ್ನೋದಷ್ಟೇ ನನ್ನ ಮಾತು.

ಇತಿಹಾಸಕ್ಕೆ ಬರೋಣ. ಕಾಂಕ್ರೀಟ್ ಜಗತ್ತನ್ನು ಗೆದ್ದದ್ದೇ ಬೆಂಕಿಯ ಹೆಸರು ಹೇಳಿ. 1892ರಲ್ಲಿ ಪೇಟೆಂಟ್ ತಗೊಂಡ ಫ್ರಾನ್ಸಿನ ಫ್ರಾಂಸ್ವಾ ಎನ್‌ಬಿಕ್ ತನ್ನ ಕಂಪನಿಯ ಜಾಹೀರಾತಿನಲ್ಲಿ ಮೊದಲು ಹೇಳಿಕೊಂಡದ್ದು ಬಲದ ಬಗ್ಗೆ ಅಲ್ಲ, ಇನ್ನು ಅಗ್ನಿ ಅನಾಹುತಗಳ ಕಾಲ ಮುಗೀತು ಅಂತ. 1902ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೇಯಾನ್‌ನಲ್ಲಿ ಒಂದು ಬೊರಾಕ್ಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಅರ್ನೆಸ್ಟ್ ರ್‍ಯಾನ್ಸಮ್ ಕಟ್ಟಿದ ಕಾಂಕ್ರೀಟ್ ಕಟ್ಟಡ ಅದು. ಒಳಗಿದ್ದ ಲೋಹದ ಸಾಮಾನು ಕರಗಿ ಹೋದವು, ಕಾಂಕ್ರೀಟ್ ನಿಂತಿತು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾಗಿರಲಿಲ್ಲ. ಅದೇ ಹೊತ್ತಿಗೆ ಅಮೆರಿಕದವರು ಕಟ್ಟಡದ ಭಾಗಗಳನ್ನು ಬೆಂಕಿಯಲ್ಲಿಟ್ಟು ಪರೀಕ್ಷಿಸೋಕೆ ಶುರು ಮಾಡಿದ್ರು. 1918ರಲ್ಲಿ ಒಂದು ಪ್ರಮಾಣಿತ ರೇಖೆ ಗಟ್ಟಿಯಾಯ್ತು: ಐದನೇ ನಿಮಿಷಕ್ಕೆ 538 ಡಿಗ್ರಿ, ಒಂದು ಗಂಟೆಗೆ 927, ನಾಲ್ಕು ಗಂಟೆಗೆ 1093. ನನಗೆ ಇಷ್ಟವಾದದ್ದು ಅವರ ಇನ್ನೊಂದು ಕ್ರಮ. ಕುಲುಮೆಯಿಂದ ಹೊರಗೆ ತೆಗೆದ ಬಿಸಿಬಿಸಿ ಗೋಡೆಗೆ ಅಗ್ನಿಶಾಮಕ ಪೈಪಿನಿಂದ ರಭಸವಾಗಿ ನೀರು ಹೊಡೆಯೋದು. ಅದಕ್ಕೂ ಜಗ್ಗದಿದ್ರೆ ಪಾಸ್. ಮುಂದೆ ಬಂದ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಈ ನೀರಿನ ಹೊಡೆತ ಇಲ್ಲ. ಬೆಂಕಿ ಇರೋಷ್ಟು ಹೊತ್ತು ತಡೀತಾ ಅನ್ನೋದು ಒಂದು ಪ್ರಶ್ನೆ, ತಣಿದ ಮೇಲೆ ಬಾಳುತ್ತಾ ಅನ್ನೋದು ಇನ್ನೊಂದು. ನಮ್ಮ ನಿಯಮಗಳು ಹೆಚ್ಚಾಗಿ ಮೊದಲನೆಯದಕ್ಕೆ ಉತ್ತರ ಕೊಡ್ತವೆ.

ನಮ್ಮ ಐಎಸ್ 456:2000ನೇ ತಗೊಳ್ಳಿ. ಕಂಬದ ಸರಳಿನ ಮೇಲೆ 40 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು ಅನ್ನುತ್ತೆ. ಶಾಖ ಸರಳಿಗೆ ತಲುಪೋದನ್ನ ತಡ ಮಾಡೋ ಕಂಬಳಿ ಅದು. ನಮ್ಮ ಕಟ್ಟಡ ಅದಕ್ಕಿಂತ ಹಳೇದು, ಅಳೆದಾಗ ಸಿಕ್ಕಿದ್ದು 25. ಮುಂಬೈಯ ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದು ಆ ಹೊದಿಕೆಯೂ ಅಲ್ಲಲ್ಲಿ ಸೀಳಿತ್ತು. ಸೀಳಿದ ಕಂಬಳಿ!

ಸರಳಿನದೇ ಒಂದು ಉಪಕಥೆ ಇದೆ. ಎಪ್ಪತ್ತು-ಎಂಬತ್ತರ ದಶಕದ ನಮ್ಮ ಬಹುತೇಕ ಕಟ್ಟಡಗಳಲ್ಲಿ ಇರೋದು ಟಾರ್ ಸ್ಟೀಲ್, ತಣ್ಣಗಿರುವಾಗಲೇ ತಿರುಚಿ ಬಲ ಬರಿಸಿದ ಸರಳು. ಬಿಸಿಯಾಗಿರುವಾಗ ಉರುಳಿಸಿ ಮಾಡಿದ ಸಾಧಾರಣ ಸರಳು 600 ಡಿಗ್ರಿವರೆಗೆ ಕಾದು ತಣಿದ್ರೆ ಹೆಚ್ಚೂ ಕಮ್ಮಿ ಮೊದಲಿನ ಬಲಕ್ಕೆ ಬರುತ್ತೆ. ಟಾರ್ ಹಾಗಲ್ಲ. ತಿರುಚಿ ಪಡೆದ ಬಲ 450ರ ಮೇಲೆ ಕಾದ್ರೆ ಹೋಯ್ತು, ತಣಿದ್ರೂ ವಾಪಸ್ ಬರಲ್ಲ. ಆಮೇಲೆ ಬಂದ ಟಿಎಂಟಿ ಸರಳು ಹುಟ್ಟೋದೇ ಕೆಂಪಗೆ ಕಾದ ಉಕ್ಕಿಗೆ ನೀರು ಹೊಡೆದು ತಣಿಸೋದ್ರಿಂದ. ಕಾಂಕ್ರೀಟನ್ನ ಕೆಡಿಸೋ ಕ್ರಿಯೆಯೇ ಅದರೊಳಗಿನ ಸರಳನ್ನ ಗಟ್ಟಿ ಮಾಡಿದ್ದು.

ಈಗ ಬೊರಿವಲಿ. 2020ರ ಜುಲೈ 11ರ ಬೆಳಗಿನ ಜಾವ, ಲಾಕ್‌ಡೌನ್ ಕಾಲ, ಸ್ಟೇಷನ್ ಹತ್ತಿರ ಎಸ್‌ವಿ ರಸ್ತೆಯ ಇಂದ್ರಪ್ರಸ್ಥ ಶಾಪಿಂಗ್ ಸೆಂಟರಿನ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಪಶ್ಚಿಮದ ಕಡೆ ಇಳಿದು ನಡೆಯೋರೆಲ್ಲ ನೋಡಿರೋ ಜಾಗ. ನೆಲಮಾಳಿಗೆ, ಮುಚ್ಚಿದ ಅಂಗಡಿಗಳು, ಒಳಗೆ ಕಾಲಿಡೋಕಾಗದ ಶಾಖ ಮತ್ತು ಹೊಗೆ. ರೋಬೋಟ್ ತರಿಸಿ ನೀರು ಹೊಡೆಸಿದರು. ಮಾರನೇ ದಿನವೂ ಆರಿಸ್ತಾನೇ ಇದ್ದರು. ನಾನು ಆಗ ವರ್ಕ್ ಫ್ರಮ್ ಹೋಮ್‌ನಲ್ಲಿ ಕೂತು ಹೊಗೆ ವಾಸನೆ ಕುಡೀತಿದ್ದೆ. ನೆಲಮಾಳಿಗೆ ಬೆಂಕಿ ಕಾಂಕ್ರೀಟಿಗೆ ಯಾಕೆ ಅತಿ ಕೆಟ್ಟದ್ದು ಅಂತ ಈಗ ನೀವೇ ಹೇಳಬಲ್ಲಿರಿ. ಶಾಖ ಹೊರಗೆ ಹೋಗಲ್ಲ, ಗಂಟೆಗಟ್ಟಲೆ ಇರುತ್ತೆ, ಒಳಕ್ಕೆ ಇಳಿಯುತ್ತೆ. ಮತ್ತೆ ಅಲ್ಲಿರೋ ಕಂಬಗಳೇ ಮೇಲಿನ ಎಲ್ಲವನ್ನೂ ಹೊತ್ತಿರೋದು.

2012ರ ಜೂನ್ 21ರಂದು ಮಂತ್ರಾಲಯ ಹೊತ್ತಿ ಉರಿದದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ದೀವಿ. ಐದು ಜನ ಸತ್ತರು, ಮೇಲಿನ ಮಹಡಿಗಳು ಬೂದಿಯಾದವು. ಆ ಕಾಂಕ್ರೀಟ್ ಕಟ್ಟಡ ಬೀಳಲಿಲ್ಲ, ದುರಸ್ತಿಯಾಗಿ ಸರ್ಕಾರ ಇವತ್ತೂ ಅಲ್ಲಿಂದಲೇ ನಡೀತಿದೆ. 2010ರ ಫೆಬ್ರವರಿ 23ರ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ನಮ್ಮ ಐಟಿಯವರಿಗೆ ಮರೆಯೋಕಾಗಲ್ಲ, ಹಳೇ ಏರ್‌ಪೋರ್ಟ್ ರಸ್ತೆ, ಒಂಬತ್ತು ಸಾವು. ಅಲ್ಲೂ ಜನರನ್ನ ಕೊಂದದ್ದು ಹೊಗೆ, ಕಟ್ಟಡ ಅಲ್ಲ. ಕಾಲ್ಬಾದೇವಿಯ ಗೋಕುಲ್ ನಿವಾಸ್ ಬೇರೆ ಥರ. 2015ರ ಮೇ 9ರಂದು ಉರಿಯುತ್ತಲೇ ಕುಸಿದ ಆ ಮರದ ಚೌಕಟ್ಟಿನ ಹಳೇ ಕಟ್ಟಡ, ಮುಖ್ಯ ಅಗ್ನಿಶಾಮಕ ಅಧಿಕಾರಿ ಸುನಿಲ್ ನೇಸರಿಕರ್ ಸೇರಿ ನಾಲ್ವರು ಅಧಿಕಾರಿಗಳ ಜೀವ ತಗೊಂಡಿತು. ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ ಕಾಂಕ್ರೀಟ್ ಬೀಳೋದೇ ಇಲ್ಲ ಅಂತ ಧೈರ್ಯ ತಗೋಬೇಡಿ. 2008ರ ಮೇ 13ರಂದು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದ 13 ಮಹಡಿಯ ಕಟ್ಟಡ, ಒಂದು ಕಾಫಿ ಯಂತ್ರದ ಹತ್ತಿರ ಶುರುವಾದ ಬೆಂಕಿಗೆ, ಕೆಲವೇ ಗಂಟೆಗಳಲ್ಲಿ ಅರ್ಧ ಕುಸಿಯಿತು. ವಾಸ್ತುಶಿಲ್ಪ ಕಲಿಸೋರ ಕಟ್ಟಡ!

ಬೊರಿವಲಿಯವರಿಗೆ ಕಂಬದ ಬಗ್ಗೆ ಭಯ ಇರೋದಕ್ಕೆ ಬೆಂಕಿ ಬೇಕಾಗಿಲ್ಲ. 2007ರ ಜುಲೈಯಲ್ಲಿ ಇಲ್ಲೇ ಪಶ್ಚಿಮದಲ್ಲಿ ಲಕ್ಷ್ಮಿ ಛಾಯಾ ಕಟ್ಟಡ ಬಿದ್ದು ಮೂವತ್ತರ ಹತ್ತಿರ ಜನ ಹೋದರು. ನೆಲಮಹಡಿಯ ಅಂಗಡಿಯ ರಿಪೇರಿಯಲ್ಲಿ ಆಧಾರಕ್ಕೇ ಕೈ ಹಾಕಿದ್ರು ಅನ್ನೋದು ಆರೋಪ. ನಮ್ಮ ಸೊಸೈಟಿ ಮೀಟಿಂಗಿನಲ್ಲಿ ನಾನು ಎಷ್ಟು ರಸಾಯನಶಾಸ್ತ್ರ ಹೇಳಿದ್ರೂ ಅಲ್ಲಾಡದ ಕಮಿಟಿ, ಮೂರನೇ ಮಹಡಿಯ ಗುಜರಾತಿ ಅಜ್ಜಿ ಆ ಹೆಸರು ಎತ್ತಿದ ಕೂಡಲೇ ಪರೀಕ್ಷೆಗೆ ದುಡ್ಡು ಮಂಜೂರು ಮಾಡಿತು.

ಬಂದ ಎಂಜಿನಿಯರ್ ಮೊದಲು ಮಾಡಿದ್ದೇನು ಗೊತ್ತಾ? ಸುತ್ತಿಗೆ ತಗೊಂಡು ಕಂಬ ತಟ್ಟಿದರು. ಮೇಲೆ ಟಣ್. ಕೆಳಗೆ, ಮೀಟರ್ ಬೋರ್ಡಿನ ಮಗ್ಗುಲಲ್ಲಿ, ಬದ್. ವಾರ್ತ್ ನೋಡಿದ ಬೆಂಗಳೂರಿನ ಕಲ್ಲುಕುಟಿಗ ಪಕ್ಕದಲ್ಲಿ ನಿಂತಿದ್ರೆ ತಲೆಯಾಡಿಸ್ತಿದ್ದ. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಶಬ್ದತರಂಗದ ಯಂತ್ರ ಹಚ್ಚಿದರು. ಒಳ್ಳೇ ಕಾಂಕ್ರೀಟಿನಲ್ಲಿ ತರಂಗ ಸೆಕೆಂಡಿಗೆ ಮೂರೂವರೆ ಕಿಲೋಮೀಟರಿಗಿಂತ ವೇಗವಾಗಿ ಹೋಗಬೇಕು, ಮೂರಕ್ಕಿಂತ ಕೆಳಗಿಳಿದ್ರೆ ಅನುಮಾನ ಅನ್ನೋದು ನಮ್ಮ ಹಳೇ ಐಎಸ್ 13311ರ ಅಳತೆಯಾಗಿತ್ತು. ಕಂಬದ ಮೇಲ್ಭಾಗದಲ್ಲಿ 3.8 ಬಂತು. ಸುಟ್ಟ ಭಾಗದಲ್ಲಿ 2.6. ಆ ಗೆರೆಯೊಳಗಿನದನ್ನ ಉಳಿಯಿಂದ ಕೆತ್ತಿದಾಗ ಉದುರಿದ್ದೇ ನನ್ನ ಕೈಯಲ್ಲಿದ್ದ ಚೂರು. ಗುಲಾಬಿ ಇಪ್ಪತ್ತು ಮಿಲಿಮೀಟರ್ ಒಳಕ್ಕೆ ಹೋಗಿ ನಿಂತಿತ್ತು. ಸರಳಿಗೆ ಇನ್ನೈದು ಬಾಕಿ. ಅಂದ್ರೆ ಸರಳು 300ನ್ನು ಅಷ್ಟಾಗಿ ದಾಟಿರಲಿಕ್ಕಿಲ್ಲ, ಬದುಕಿಕೊಂಡಿದೆ ಅಂತ ಎಂಜಿನಿಯರ್ ಹೇಳಿದರು. ಕೆಟ್ಟ ಪದರ ಪೂರ್ತಿ ತೆಗೆದು, ತುಕ್ಕು ಉಜ್ಜಿ, ಹೊಸ ಸರಳು ಸೇರಿಸಿ, ಸುತ್ತ ಮೈಕ್ರೊ ಕಾಂಕ್ರೀಟಿನ ಕವಚ ಹಾಕಬೇಕು ಅನ್ನೋದು ಅವರ ವರದಿ. ತೊಳೆದು ಪ್ಲಾಸ್ಟರ್ ಹೊಡೆದಿದ್ರೆ ಆ ಟೊಳ್ಳು ಪದರದ ಮೇಲೆ ಹೊಸ ಬಣ್ಣ ಮಿಂಚ್ತಾ ಇರ್ತಿತ್ತು, ಅಷ್ಟೆ.

ಕೆಲಸ ಇನ್ನೂ ಶುರುವಾಗಿಲ್ಲ. ರೀಡೆವಲಪ್‌ಮೆಂಟ್ ಮಾತುಕತೆ ನಡೀತಿದೆ, ಹೇಗೂ ಒಡೆಯೋ ಕಟ್ಟಡಕ್ಕೆ ಯಾಕೆ ಖರ್ಚು ಅನ್ನೋರು ಅರ್ಧ ಜನ. ಬೊರಿವಲಿಯಲ್ಲಿ ಆ ಮಾತುಕತೆ ಎಷ್ಟು ವರ್ಷ ಎಳೆಯುತ್ತೆ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ಸದ್ಯಕ್ಕೆ ಕಂಬದ ಸುತ್ತ ನಾಲ್ಕು ಕಬ್ಬಿಣದ ಟೇಕು ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಅಲ್ಲಿಗೆ ನೀರು ಹರಿಯದ ಹಾಗೆ ತಾಡಪಾಲು ಕಟ್ಟಿಸಿದ್ದು ನಾನೇ. ಆಫೀಸಿಗೆ ಹೋಗೋವಾಗ ಬೈಕಿನ ಕೀಲಿಯಿಂದ ಸೀಮೆಸುಣ್ಣದ ಗೆರೆಯ ಹೊರಗೆ, ಇನ್ನೂ ಗಟ್ಟಿಯಿರೋ ಕಡೆ, ಒಂದು ಸಲ ತಟ್ಟಿ ಹೋಗ್ತೀನಿ. ಇವತ್ತು ಬೆಳಗ್ಗೆಯೂ ಟಣ್ ಅಂತು.